ಸ್ಟ್ಯಾಂಡ್ ಎತ್ತಿ ಸಾರ್, ಬೈಕ್ ಬೀಳುವುದಿಲ್ಲ

ಏಪ್ರಿಲ್, ಮೇ ಬಂತೆಂದರೆ ಬೆಂಗಳೂರಿನಲ್ಲಿ ಮನೆ ಬದಲಾಯಿಸುವ ಗಲಾಟೆ. ಅದರ ಬೆನ್ನಿಗೇ ನನ್ನ ಗ್ಯಾರೇಜಿಗೆ ಒಂದು ಬಗೆಯ ಬೈಕುಗಳು ಬರತೊಡಗುತ್ತವೆ. ಓಡಿಸುವಾಗ ಬಿದ್ದವಲ್ಲ, ಟಾಟಾ ಏಸ್ ಎಂಬ ಪುಟ್ಟ ಸರಕು ಗಾಡಿಯ ಮೇಲೆ ಸುಮ್ಮನೆ ನಿಂತಿದ್ದಾಗ ಬಿದ್ದವು. ಕ್ಲಚ್ ಲಿವರ್ ಮುರಿದಿರುತ್ತದೆ, ಎಡಗಡೆಯ ಫುಟ್‌ರೆಸ್ಟ್ ಸೊಟ್ಟಗಾಗಿರುತ್ತದೆ, ಟ್ಯಾಂಕಿನ ಮೇಲೆ ಅಂಗೈಯಗಲದ ತಗ್ಗು. ನಾನು ಕೇಳುವುದು ಒಂದೇ ಪ್ರಶ್ನೆ: “ಸೈಡ್ ಸ್ಟ್ಯಾಂಡ್ ಹಾಕಿ ಕಟ್ಟಿದ್ದಿರಾ?” ಬರುವುದೂ ಒಂದೇ ಉತ್ತರ: “ಹೌದು ಸಾರ್, ಭದ್ರವಾಗಿರಲಿ ಎಂದು.”

ಹಲಗೆ ಇಟ್ಟು ಹತ್ತಿಸುವುದು, ಇಬ್ಬರಾದರೂ ಹಿಡಿದುಕೊಳ್ಳುವುದು, ಬಿಸಿ ಸೈಲೆನ್ಸರ್ ಮುಟ್ಟದಿರುವುದು, ಹಳೆಯ ಬೈಕಾದರೆ ಪೆಟ್ರೋಲಿನ ನಲ್ಲಿಯನ್ನು ಮುಚ್ಚುವುದು, ಇವೆಲ್ಲ ನಿಮಗೆ ಗೊತ್ತಿವೆ. ಗೊತ್ತಿದ್ದೂ ಗೊತ್ತಾಗದೆ ಉಳಿದಿರುವುದು ಸ್ಟ್ಯಾಂಡಿನ ಸಂಗತಿ. ಅದನ್ನೇ ಸ್ವಲ್ಪ ಎಳೆದು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಸೈಡ್ ಸ್ಟ್ಯಾಂಡ್ ಯಾವ ಕಡೆಗೆ ಮಡಚಿಕೊಳ್ಳುತ್ತದೆ? ಹಿಂದಕ್ಕೆ. ಅಂದರೆ ಬೈಕ್ ಮುಂದಕ್ಕೆ ಸರಿದರೆ ಸ್ಟ್ಯಾಂಡ್ ತಾನಾಗಿಯೇ ಮಡಚಲು ಹೊರಡುತ್ತದೆ. ಏಸ್ ಚಾಲಕ ಬ್ರೇಕ್ ಒತ್ತಿದಾಗ ಬೈಕ್ ಯಾವ ಕಡೆಗೆ ಸರಿಯುತ್ತದೆ? ಮುಂದಕ್ಕೆ. ಸಿಲ್ಕ್ ಬೋರ್ಡ್‌ನಿಂದ ಹೆಬ್ಬಾಳದವರೆಗೆ ಅವನು ಎಷ್ಟು ಸಲ ಬ್ರೇಕ್ ಒತ್ತುತ್ತಾನೆ ಎಂಬುದನ್ನು ಈ ಊರಿನವರಿಗೆ ನಾನು ಹೇಳಬೇಕಾಗಿಲ್ಲ.

“ಹಗ್ಗ ಕಟ್ಟಿದ್ದೇವಲ್ಲ ಸಾರ್” ಎನ್ನುತ್ತಾರೆ. ಕಟ್ಟಿದ್ದೀರಿ. ಆದರೆ ಹಗ್ಗಕ್ಕೆ ಎಳೆಯುವುದಷ್ಟೇ ಗೊತ್ತು, ತಳ್ಳುವುದು ಗೊತ್ತಿಲ್ಲ. ಅದು ಸದಾ ಬಿಗಿಯಾಗಿರಬೇಕಾದರೆ ಎದುರಿನಿಂದ ಯಾವುದಾದರೂ ಅದನ್ನು ಎಳೆಯುತ್ತಲೇ ಇರಬೇಕು. ಬೈಕಿನಲ್ಲಿ ಆ ಕೆಲಸಕ್ಕೆ ಇರುವುದು ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಕೊಳವೆಗಳ, ಅಂದರೆ ಫೋರ್ಕ್‌ನೊಳಗಿನ ಸ್ಪ್ರಿಂಗ್. ಹ್ಯಾಂಡಲನ್ನು ಕೆಳಕ್ಕೆ ಜಗ್ಗಿ ಆ ಸ್ಪ್ರಿಂಗನ್ನು ಅರ್ಧದಷ್ಟು ಅದುಮಿ ಕಟ್ಟಿದರೆ ಅದು ಮೇಲಕ್ಕೇಳಲು ಹವಣಿಸುತ್ತಲೇ ಇರುತ್ತದೆ, ಕಟ್ಟಿದ ಬೆಲ್ಟ್ ಅದನ್ನು ಏಳಲು ಬಿಡುವುದಿಲ್ಲ. ಹಂಪ್ ಬಂದು ಬೈಕ್ ಒಂದಿಷ್ಟು ಕುಸಿದರೂ ಬೆಲ್ಟ್ ಸಡಿಲವಾಗುವುದಿಲ್ಲ. ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಸಿ ಮೇಲಿನಿಂದ ಹಗ್ಗ ಸುತ್ತಿದಾಗ ಸ್ಪ್ರಿಂಗ್ ಅದುಮಿರುವುದೇ ಇಲ್ಲ. ಚಕ್ರ ಗುಂಡಿಗಿಳಿಯುತ್ತದೆ, ಬೈಕ್ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ, ಹಗ್ಗ ಕಣ್ಣು ಮಿಟುಕಿಸುವಷ್ಟು ಹೊತ್ತು ಸಡಿಲ. ಕೊಕ್ಕೆ ಕಳಚಿಕೊಳ್ಳಲು ಅಷ್ಟು ಸಾಕು. ನೈಲಾನ್ ಹಗ್ಗವಾದರೆ ಹಿಗ್ಗುವುದೂ ಇದೆ. ಮಳೆಯಲ್ಲಿ ನೆಂದರೆ ಇನ್ನಷ್ಟು.

ಡೇರೆಯ ಕಂಬ ನೋಡಿದ್ದೀರಲ್ಲ? ಅದಕ್ಕೆ ಯಾರೂ ಊರುಗೋಲು ಕೊಡುವುದಿಲ್ಲ. ಸುತ್ತಲಿನ ಹಗ್ಗಗಳು ಜಗ್ಗಿ ಹಿಡಿದಿರುವುದರಿಂದಲೇ ಅದು ನೆಟ್ಟಗೆ ನಿಂತಿರುತ್ತದೆ. ಬೈಕನ್ನೂ ಹಾಗೆಯೇ ನಿಲ್ಲಿಸಬೇಕು. ಮುಂದಿನ ಚಕ್ರ ಕ್ಯಾಬಿನ್ ಹಿಂದಿನ ತಗಡಿಗೆ ತಾಗಿರಬೇಕು, ಗೇರ್ ಒಂದರಲ್ಲಿರಬೇಕು, ಸ್ಟ್ಯಾಂಡ್ ಎತ್ತಿರಬೇಕು. ಹಿಡಿ ಆಡಿಸಿದಂತೆ ಬಿಗಿಯಾಗುವ ಎರಡು ರ್ಯಾಚೆಟ್ ಬೆಲ್ಟ್ ಹ್ಯಾಂಡಲಿನಿಂದ ಎಡಕ್ಕೂ ಬಲಕ್ಕೂ, ಕೆಳಕ್ಕೂ ಮುಂದಕ್ಕೂ ಜಗ್ಗಬೇಕು. ಎರಡೂ ಕಡೆ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಹಿಂದಿನ ಚಕ್ರಕ್ಕೆ ಇನ್ನೊಂದು ಬೆಲ್ಟ್, ಅದು ಅಡ್ಡಕ್ಕೆ ಜಾರದಿರಲೆಂದು ಮಾತ್ರ.

ಎಲ್ಲ ಬೈಕಿಗೂ ಇದನ್ನೇ ಅನ್ವಯಿಸಬೇಡಿ. ಸ್ಪ್ಲೆಂಡರ್, ಬುಲೆಟ್ ಜಾತಿಯವುಗಳಿಗೆ ಈ ಮಾತು. ಹ್ಯಾಂಡಲ್ ಎರಡು ತುಂಡಾಗಿರುವ ರೇಸಿನ ನಮೂನೆಯ ಬೈಕಿಗೆ ಹ್ಯಾಂಡಲ್‌ನಿಂದ ಕಟ್ಟಬಾರದು. ಎರಡು ಫೋರ್ಕ್‌ಗಳನ್ನು ಹಿಡಿದಿರುವ ಕೆಳಗಿನ ಪಟ್ಟಿಗೆ ಬಟ್ಟೆಯ ಬೆಲ್ಟ್ ಸುತ್ತಿ ಅಲ್ಲಿಂದ ಜಗ್ಗಬೇಕು. ಸ್ಕೂಟರಿನದು ಬೇರೆಯೇ ಕಥೆ, ಮೈತುಂಬ ಪ್ಲಾಸ್ಟಿಕ್. ಇನ್ನು, ಅದುಮುವುದೆಂದರೆ ಸ್ಪ್ರಿಂಗ್ ತಳ ಮುಟ್ಟುವಷ್ಟು ಅದುಮುವುದಲ್ಲ. ಆಮೇಲೆ ಅದಕ್ಕೆ ಆಡಲು ಜಾಗವೇ ಇರುವುದಿಲ್ಲ, ಪ್ರತಿ ಗುಂಡಿಯ ಪೆಟ್ಟೂ ನೇರವಾಗಿ ಹ್ಯಾಂಡಲ್‌ಗೆ ಬೀಳುತ್ತದೆ.

ಒಬ್ಬ ಹುಡುಗ ತಂದೆಯ ಕಾಲದ ಬುಲೆಟನ್ನು ಸೈಡ್ ಸ್ಟ್ಯಾಂಡ್ ಹಾಕಿ ಕಟ್ಟಿ ಬನಶಂಕರಿಯಿಂದ ಮೈಸೂರಿಗೆ ಸಾಗಿಸಿದ. ಏಸ್‌ನಲ್ಲಿ ಬೇರೇನೂ ಇರಲಿಲ್ಲ, ಬೈಕ್ ಒಂದೇ. “ಖಾಲಿ ಗಾಡಿ, ಆರಾಮಾಗಿ ಹೋಗುತ್ತದೆ” ಎಂದುಕೊಂಡಿದ್ದ. ಇಲ್ಲೇ ತಪ್ಪುವುದು. ಏಸ್‌ನ ಹಿಂದಿರುವುದು ಪಟ್ಟಿ ಸ್ಪ್ರಿಂಗ್. ಅದನ್ನು ಮಾಡಿರುವುದು ಏಳು ನೂರು ಕಿಲೋ ಆಸುಪಾಸಿನ ಹೊರೆಗೆ. ಇನ್ನೂರು ಕಿಲೋ ಬುಲೆಟ್ ಅದಕ್ಕೆ ಯಾವ ಲೆಕ್ಕ? ಬಾಗುವುದೇ ಇಲ್ಲ, ಪುಟಿಯುತ್ತದೆ. ಕೆಂಗೇರಿ ದಾಟುವಷ್ಟರಲ್ಲಿ ಸ್ಟ್ಯಾಂಡನ್ನು ಬೈಕಿಗೆ ಹಿಡಿದಿರುವ ಕಬ್ಬಿಣದ ಕಿವಿ ಬಾಗಿತ್ತು, ಬಿಡದಿಯ ಹತ್ತಿರ ಬೈಕ್ ಮಲಗಿತ್ತು. ಫೋನಿನಲ್ಲಿ ಅವನು ಅಳುವುದೊಂದು ಬಾಕಿ. ತಂದೆ ಇಪ್ಪತ್ತು ವರ್ಷ ಒರೆಸಿ ಇಟ್ಟುಕೊಂಡಿದ್ದ ಟ್ಯಾಂಕ್. ತಗ್ಗು ಎತ್ತಿಸಬಹುದಿತ್ತು, ಎತ್ತಿಸಿದೆವು. ಆದರೆ ಅದರ ಮೇಲೆ ಕೈಯಿಂದ ಎಳೆದ ಬಣ್ಣದ ಗೆರೆ ಮರಳಿ ಬರಲಿಲ್ಲ. ಅವನನ್ನು ಬೈಯಲು ಮನಸ್ಸಾಗಲಿಲ್ಲ. ಅವನ ಹಗ್ಗದ ಗಂಟನ್ನು ಮಾತ್ರ ಬೈದೆ.

“ನಾನೇ ಹಿಂದೆ ಕೂತು ಹಿಡಿದುಕೊಳ್ಳುತ್ತೇನೆ” ಎನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ಸರಕು ಗಾಡಿಯ ಬಾಡಿಯಲ್ಲಿ ಜನ ಕೂರುವುದು ಕಾನೂನಿಗೆ ವಿರುದ್ಧ, ಅದು ಹಾಗಿರಲಿ. ಬೀಳುವ ಬುಲೆಟನ್ನು ಹಿಡಿಯುವ ತೋಳು ಯಾರಿಗೂ ಇಲ್ಲ.

ಕಟ್ಟುವುದನ್ನು ನನಗೆ ಕಲಿಸಿದವರು ಕಲಾಸಿಪಾಳ್ಯದ ಒಬ್ಬ ಹಿರಿಯ ಹಮಾಲರು. ಅವರ ಬಳಿ ಬೆಲ್ಟ್ ಗಿಲ್ಟ್ ಏನೂ ಇರಲಿಲ್ಲ, ಬರೀ ಹಗ್ಗ. ಅದರಲ್ಲೇ ಒಂದು ಕುಣಿಕೆ ಹಾಕಿ, ತುದಿಯನ್ನು ಅದರೊಳಗೆ ತೂರಿಸಿ ರಾಟೆಯಂತೆ ಎಳೆಯುತ್ತಿದ್ದರು. ಫೋರ್ಕ್ ಮೆಲ್ಲಗೆ ಕೂರುತ್ತಿತ್ತು. ಕಟ್ಟಿಯಾದ ಮೇಲೆ ಬೈಕಿನ ಸೀಟು ಹಿಡಿದು ಜೋರಾಗಿ ಅಲ್ಲಾಡಿಸುವುದು ಅವರ ಪರೀಕ್ಷೆ. ಬೈಕ್ ಅಲ್ಲಾಡಿದರೆ ಮತ್ತೆ ಬಿಚ್ಚಿ ಕಟ್ಟು. ಬೈಕಿನ ಜೊತೆಗೆ ಇಡೀ ಗಾಡಿ ಅಲ್ಲಾಡಿದರೆ ಹೊರಡು. ಹೊರಟ ಮೇಲೂ ನಾಲ್ಕೈದು ಕಿಲೋಮೀಟರ್ ದಾಟಿದ್ದೇ ನಿಲ್ಲಿಸಿ ಒಮ್ಮೆ ಬಿಗಿ ನೋಡುತ್ತಿದ್ದರು, ಚಹಾದ ನೆಪದಲ್ಲಿ.

ಇಳಿಸುವಾಗ ಒಂದು ಎಚ್ಚರ. ಒಂದು ಕಡೆಯ ಬೆಲ್ಟ್ ಬಿಚ್ಚಿದೊಡನೆ ಅದುಮಿದ ಫೋರ್ಕ್ ಮೇಲೇಳುತ್ತದೆ, ಇನ್ನೊಂದು ಬೆಲ್ಟ್ ಬೈಕನ್ನು ತನ್ನ ಕಡೆಗೆ ಜಗ್ಗಿಕೊಳ್ಳುತ್ತದೆ. ಇನ್ನೊಬ್ಬರು ಬೈಕ್ ಹಿಡಿದು ನಿಂತ ಮೇಲೆಯೇ ರ್ಯಾಚೆಟ್‌ಗೆ ಕೈ ಹಾಕಿ.

ಹೋದ ವಾರ ಒಬ್ಬರಿಗೆ ಇದನ್ನೆಲ್ಲ ಅರ್ಧ ಗಂಟೆ ವಿವರಿಸಿ, ನಾನೇ ಬೆಲ್ಟ್ ಬಿಗಿದು ಕೈ ತೊಳೆಯಲು ಒಳಗೆ ಹೋದೆ. ಸಂಜೆ ಏಸ್ ಚಾಲಕ ಫೋನ್ ಮಾಡಿದ: “ಅಣ್ಣ, ಬೈಕ್ ಚೆನ್ನಾಗಿದೆ. ನನ್ನ ಗಾಡಿಯ ನೆಲದ ತಗಡಿಗೆ ತೂತು ಬಿದ್ದಿದೆ.” ನಾನು ಒಳಗೆ ಹೋದ ಆ ಎರಡು ನಿಮಿಷದಲ್ಲಿ ಅವರು ಮೇಲೆ ಹತ್ತಿ, ಯಾವುದಕ್ಕೂ ಇರಲಿ ಎಂದು, ಸ್ಟ್ಯಾಂಡ್ ಇಳಿಸಿದ್ದರು.