ಕೈ ಆಡಿದರೆ ಬಾಯಿ ಸೋಮಾರಿಯಾಗುತ್ತದೆಯೇ?

ನನ್ನ ಅಕ್ಕನ ಮಗಳಿಗೆ ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಇದ್ದು ಬೆಳವಣಿಗೆಯನ್ನು ನಿಧಾನವಾಗಿಸುವ ಸ್ಥಿತಿ. ಎರಡೂವರೆ ವರ್ಷವಾದರೂ ಅವಳ ಬಾಯಲ್ಲಿ 'ಅಮ್ಮ' ಬಿಟ್ಟರೆ ಬೇರೆ ಮಾತಿರಲಿಲ್ಲ. ಆದರೆ 'ತಾತನ ಚಪ್ಪಲಿ ತಗೊಂಡು ಬಾ' ಅಂದರೆ ಸರಿಯಾಗಿ ಅದನ್ನೇ ತರುತ್ತಿದ್ದಳು. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಹೇಳಲು ಮಾತ್ರ ಆಗುತ್ತಿರಲಿಲ್ಲ. ಅವಳಿಗೆ ಏನು ಬೇಕೆಂದು ನಮಗೆ ಹೊಳೆಯದೆ ಹೋದಾಗ ನೆಲದ ಮೇಲೆ ಹೊರಳಾಡಿ ಅಳುತ್ತಿದ್ದಳು.

ಸ್ಪೀಚ್ ಥೆರಪಿಸ್ಟ್ ಮೇಡಂ ಮೊದಲ ವಾರವೇ ಸನ್ನೆ ಕಲಿಸಲು ಶುರು ಮಾಡಿದರು. ಒಂದು ಬೆರಳನ್ನು ನೆಟ್ಟಗೆ ಹಿಡಿದು, ಇನ್ನೊಂದು ಕೈಯಿಂದ ಸಿಪ್ಪೆ ಸುಲಿದಂತೆ ಮಾಡಿದರೆ ಬಾಳೆಹಣ್ಣು. ಐದೂ ಬೆರಳು ಸೇರಿಸಿ ಬಾಯಿಯ ಹತ್ತಿರ ತಂದರೆ ಊಟ. ನಮ್ಮಮ್ಮನಿಗೆ ಇದು ಸರಿಬರಲಿಲ್ಲ. 'ಕೈಯಲ್ಲೇ ಕೆಲಸ ಆಗೋದಾದ್ರೆ ಬಾಯಿ ಸೋಮಾರಿ ಆಗಲ್ವಾ?' ಅಂದರು.

ಅಮ್ಮನ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಮಾತು ತಡವಾದ ಮಗುವಿನ ಮನೆಯಲ್ಲಿ ಯಾರಾದರೊಬ್ಬರು ಇದನ್ನು ಕೇಳೇ ಕೇಳುತ್ತಾರೆ. ವಿಜ್ಞಾನಿಗಳೂ ಕೇಳಿದ್ದಾರೆ. 2006ರಲ್ಲಿ ಡಯೇನ್ ಮಿಲ್ಲರ್, ಜಾನಿಸ್ ಲೈಟ್ ಮತ್ತು ರಾಲ್ಫ್ ಶ್ಲಾಸರ್ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಬೆಳವಣಿಗೆಯ ತೊಂದರೆ ಇದ್ದು, ಸನ್ನೆ ಅಥವಾ ಚಿತ್ರಗಳ ಮೂಲಕ ಸಂವಹನ ಕಲಿತವರ ಅಧ್ಯಯನಗಳವು. ಅವುಗಳಲ್ಲಿ ಗಟ್ಟಿ ಪುರಾವೆ ಇದ್ದದ್ದು 27 ಜನರ ವಿಷಯದಲ್ಲಿ. ಒಬ್ಬರಲ್ಲೂ ಮಾತು ಕಡಿಮೆಯಾಗಿರಲಿಲ್ಲ. ಶೇಕಡಾ 89ರಷ್ಟು ಜನರಲ್ಲಿ ಮಾತು ಹೆಚ್ಚಿತ್ತು. ಹೆಚ್ಚಳ ದೊಡ್ಡದೇನಲ್ಲ, ನಿಜ. ಆದರೆ ಅಮ್ಮ ಹೆದರಿದ ಸೋಮಾರಿತನ ಯಾರಲ್ಲೂ ಕಾಣಲಿಲ್ಲ.

ಯಾಕೆ ಹೀಗೆ? ಮಾತಾಡುವುದು ನಮಗೆ ಸಲೀಸು ಅನ್ನಿಸುತ್ತದೆ. ಆದರೆ ಉಸಿರು, ಗಂಟಲು, ನಾಲಿಗೆ, ತುಟಿ, ದವಡೆ ಎಲ್ಲವೂ ಕ್ಷಣಮಾತ್ರದಲ್ಲಿ ಹೊಂದಿಕೊಂಡರೆ ಮಾತ್ರ 'ಬಾಳೆಹಣ್ಣು' ಎಂಬ ಪದ ಹೊರಡುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಸ್ನಾಯುಗಳು ಸಡಿಲ. ಕೇಳಿದ್ದನ್ನು ನೆನಪಿಟ್ಟುಕೊಳ್ಳುವುದಕ್ಕಿಂತ ಕಂಡದ್ದನ್ನು ನೆನಪಿಟ್ಟುಕೊಳ್ಳುವುದು ಸಾಮಾನ್ಯವಾಗಿ ಅವರಿಗೆ ಸುಲಭ. ಶಬ್ದ ಹುಟ್ಟಿದ ಕೂಡಲೇ ಮಾಯವಾಗುತ್ತದೆ. ಸನ್ನೆಯನ್ನು ಮಗು ನೋಡುವವರೆಗೂ ಹಿಡಿದಿಟ್ಟುಕೊಳ್ಳಬಹುದು. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಮಗುವಿನ ನಾಲಿಗೆಯನ್ನು ಹಿಡಿದು 'ಹೀಗೆ ತಿರುಗಿಸು ಪುಟ್ಟಾ' ಅನ್ನಲಾಗುವುದಿಲ್ಲ. ಆದರೆ ಪುಟ್ಟ ಕೈಗಳನ್ನು ಹಿಡಿದು ಹಣ್ಣು ಸುಲಿಯುವ ಸನ್ನೆ ಮಾಡಿಸಬಹುದು.

ಹಾಗೆ ನೋಡಿದರೆ ಎಲ್ಲ ಮಕ್ಕಳೂ ಇದೇ ದಾರಿಯಲ್ಲಿ ಬಂದವರು. ಲೋಟದ ಕಡೆ ಬೆರಳು ತೋರಿಸಿ 'ಕೊಡು' ಅನ್ನುವ ಮಗು, ಆಮೇಲೆ 'ಲೋಟ ಕೊಡು' ಅನ್ನುತ್ತದೆ. ಜಾನಾ ಐವರ್ಸನ್ ಮತ್ತು ಸೂಸನ್ ಗೋಲ್ಡಿನ್-ಮೆಡೋ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಮಕ್ಕಳನ್ನು ಗಮನಿಸಿ ಇದನ್ನೇ ತೋರಿಸಿದರು. ಕೈ ಮತ್ತು ಮಾತು ಬೇಗ ಜೊತೆಯಾದ ಮಕ್ಕಳು ಎರಡು ಪದ ಜೋಡಿಸುವುದನ್ನೂ ಬೇಗ ಕಲಿತಿದ್ದರು.

ಥೆರಪಿ ಕೋಣೆಯಲ್ಲಿ ನಡೆಯುವುದು ಬಾಯಿ ಮುಚ್ಚಿ ಕೈ ಆಡಿಸುವ ಕೆಲಸವಲ್ಲ. ಪೂರ್ತಿ ವಾಕ್ಯವನ್ನು ಬಾಯಲ್ಲಿ ಹೇಳುತ್ತಾರೆ, ಮುಖ್ಯ ಪದಗಳಿಗೆ ಮಾತ್ರ ಸನ್ನೆ. 'ನಾಯಿಗೆ ಅನ್ನ ಹಾಕೋಣ್ವಾ?' ಅನ್ನುವಾಗ ಕೈ 'ನಾಯಿ', 'ಅನ್ನ' ಎರಡನ್ನೇ ತೋರಿಸುತ್ತದೆ. 'ಗೆ' ಎಂಬ ವಿಭಕ್ತಿ, 'ಹಾಕೋಣ್ವಾ' ಎಂಬ ಕ್ರಿಯಾಪದದ ಬಾಲ ಎಲ್ಲ ಕಿವಿಯ ಮೂಲಕವೇ ಮಗುವನ್ನು ತಲುಪುತ್ತದೆ. ಕನ್ನಡದಂಥ ಭಾಷೆಯಲ್ಲಿ ಅರ್ಧ ವ್ಯಾಕರಣ ಪದದ ತುದಿಯಲ್ಲೇ ಇರುತ್ತದಲ್ಲ! ಅದಕ್ಕೇ ಸನ್ನೆ ಮಾಡುವಾಗ ಮಾತು ನಿಲ್ಲಿಸಬಾರದು. ಮೇಡಂ ಪದೇಪದೇ ಹೇಳುತ್ತಿದ್ದದ್ದೂ ಇದನ್ನೇ.

ಈ ರೀತಿಯ ಪದ್ಧತಿಗಳಲ್ಲಿ ಹೆಸರಾದದ್ದು ಮಕಟಾನ್. 1970ರ ದಶಕದಲ್ಲಿ ಇಂಗ್ಲೆಂಡಿನ ಸ್ಪೀಚ್ ಥೆರಪಿಸ್ಟ್ ಮಾರ್ಗರೆಟ್ ವಾಕರ್ ಇದನ್ನು ರೂಪಿಸಿದರು. ಅವರ ಜೊತೆ ಕ್ಯಾಥಿ ಜಾನ್‌ಸ್ಟನ್, ಟೋನಿ ಕಾರ್ನ್‌ಫರ್ತ್ ಇದ್ದರು. ಮೂವರ ಹೆಸರಿನ ಮೊದಲ ಅಕ್ಷರಗಳು ಸೇರಿ ಆ ಪದ ಹುಟ್ಟಿತು. ಸನ್ನೆಗಳನ್ನು ಅವರು ಆರಿಸಿಕೊಂಡದ್ದು ಬ್ರಿಟಿಷ್ ಸನ್ನೆ ಭಾಷೆಯಿಂದ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕಿವಿ ಕೇಳದ ಮಗುವಿಗೆ ಇಂಥ ಬಿಡಿ ಪದಗಳು ಸಾಲವು. ಅದಕ್ಕೆ ಬೇಕಾದದ್ದು ಪೂರ್ತಿ ಸನ್ನೆ ಭಾಷೆ. ಸನ್ನೆ ಭಾಷೆಗೆ ತನ್ನದೇ ವ್ಯಾಕರಣವಿದೆ ಎಂದು ಅಮೆರಿಕದ ಭಾಷಾತಜ್ಞ ವಿಲಿಯಂ ಸ್ಟೋಕೀ 1960ರಲ್ಲೇ ತೋರಿಸಿದರು. ಅದಕ್ಕೂ ಮೊದಲು, 1880ರಲ್ಲಿ, ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಕಿವುಡ ಮಕ್ಕಳ ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಸಾಕು ಎಂದು ನಿರ್ಣಯ ಮಾಡಿತ್ತು. ಎಷ್ಟೋ ಶಾಲೆಗಳಲ್ಲಿ ಮಕ್ಕಳ ಕೈ ಕಟ್ಟಿ ಹಾಕಿದಂತಾಯಿತು. ಆ ನಿರ್ಣಯ ತಪ್ಪಾಗಿತ್ತೆಂದು ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಅದೇ ಸಮ್ಮೇಳನ ವಿಷಾದ ಹೇಳಿದ್ದು 2010ರಲ್ಲಿ! ನಮ್ಮಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ, ತರಬೇತಿಗೆಂದೇ ದೆಹಲಿಯಲ್ಲಿ ಕೇಂದ್ರ ಶುರುವಾದದ್ದು 2015ರಲ್ಲಿ. ಅದರ ನಿಘಂಟಿನಲ್ಲಿ ಈಗ 10,000ಕ್ಕೂ ಹೆಚ್ಚು ಪದಗಳಿವೆ. ಮನಸ್ಸಿನ ನೋವಿಗೆ ಆಪ್ತ ಸಮಾಲೋಚನೆ ಬೇಕಾದಾಗಲೂ ಕಿವುಡ ಮಗುವಿನ ಎದುರು ಕೂತವರಿಗೆ ಈ ಭಾಷೆ ಬರಬೇಕು. ಅಪ್ಪನ ಮೇಲಿನ ಸಿಟ್ಟನ್ನು ಅಪ್ಪನೇ ಅನುವಾದಿಸುವಂತಾದರೆ ಆ ಮಗು ಏನು ತಾನೇ ಹೇಳೀತು?

ಸನ್ನೆ ಎಲ್ಲ ಮಕ್ಕಳಿಗೂ ಒಗ್ಗುವುದಿಲ್ಲ. ಆಟಿಸಂ ಇರುವ ಕೆಲವು ಮಕ್ಕಳಿಗೆ ಬೇರೆಯವರ ಕೈಚಲನೆಯನ್ನು ಅನುಕರಿಸುವುದೇ ಕಷ್ಟ. ಅವರಿಗೆ ಚಿತ್ರದ ಕಾರ್ಡು, ಟ್ಯಾಬ್ ಹೆಚ್ಚು ಅನುಕೂಲ. ಅದನ್ನು ಮಗುವನ್ನು ನೋಡಿಯೇ ಥೆರಪಿಸ್ಟ್ ನಿರ್ಧರಿಸಬೇಕು. ಇನ್ನು ಮನೆಯವರು ಮಾಡದಿದ್ದರೆ ಥೆರಪಿ ಕೋಣೆಯ ಅರ್ಧ ಗಂಟೆಯಿಂದ ಜಾಸ್ತಿ ಏನೂ ಆಗುವುದಿಲ್ಲ.

ನಮ್ಮ ಮನೆಯಲ್ಲಿ ಮೊದಲು ಬದಲಾದದ್ದು ಅಳು. ಕೇಳಲು ದಾರಿ ಸಿಕ್ಕ ಮೇಲೆ ಹೊರಳಾಡುವುದು ಕಡಿಮೆಯಾಯಿತು. ಆರು ತಿಂಗಳಾದ ಮೇಲೆ ಒಂದು ಸಂಜೆ ಹಣ್ಣು ಸುಲಿಯುವ ಸನ್ನೆಯ ಜೊತೆಗೆ 'ಬಾಏ' ಎಂಬ ಸದ್ದೂ ಬಂತು. ಅಮ್ಮ ಒಂದಲ್ಲ, ಎರಡು ಹಣ್ಣು ಕೊಟ್ಟರು. ಈಗ ಅವಳಿಗೆ ಆರು ವರ್ಷ, ಪಟಪಟ ಅಂತ ಅಲ್ಲದಿದ್ದರೂ ಚೆನ್ನಾಗಿ ಮಾತಾಡುತ್ತಾಳೆ. ಮಾತು ಬಂದ ಪದಗಳ ಸನ್ನೆ ತಾನಾಗಿಯೇ ಬಿಟ್ಟುಹೋಗಿದೆ. ಜ್ವರ ಬಂದು ಸುಸ್ತಾದ ದಿನ ಮಾತ್ರ ಹಳೆಯ ಕೈಗಳು ಮತ್ತೆ ಬರುತ್ತವೆ. ಮೊನ್ನೆ ಹಾಗೇ ಮಲಗಿದ್ದವಳು ಹೆಬ್ಬೆರಳನ್ನು ಬಾಯಿಯತ್ತ ತಂದಳು. ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮ ಏನನ್ನೂ ಕೇಳದೆ ನೀರು ತರಲು ಒಳಗೆ ಹೋದರು.