‘ಹೋಗುವುದು ಚೂರು ಕಾಡು, ಅದಕ್ಕೆ ಇಷ್ಟು ವಿರೋಧವೇಕೆ?’

ಪ್ರಶ್ನೆ: ಗೋವಾದ ಮೊಲ್ಲೆಂ ಅರಣ್ಯ ಸುಮಾರು 240 ಚದರ ಕಿ.ಮೀ. ಇದೆ. ಹೆದ್ದಾರಿ ಅಗಲಿಸಲು, ಎರಡನೇ ಹಳಿ ಹಾಕಲು, ವಿದ್ಯುತ್ ತಂತಿ ಎಳೆಯಲು ಬೇಕಾಗುವುದು ಅದರಲ್ಲಿ ಒಂದು ಪಟ್ಟಿ ಮಾತ್ರ. ಅಷ್ಟಕ್ಕೆ ಕಾಡು ಹೇಗೆ ಹಾಳಾಗುತ್ತದೆ? (ವಾಸ್ಕೋದ ಓದುಗರು)

ಉತ್ತರ: ಕಡಿಯುವ ಜಾಗವನ್ನು ಅಳೆದರೆ ಸಾಲದು, ಹೊಸದಾಗಿ ಹುಟ್ಟುವ ಅಂಚನ್ನೂ ಅಳೆಯಬೇಕು. 400 ಕೆ.ವಿ. ತಂತಿಗೆ 46 ಮೀಟರ್ ಅಗಲದ ದಾರಿ ಬೇಕು. ಕಾಡಿನಲ್ಲಿ 10 ಕಿ.ಮೀ. ಎಳೆದರೆ 46 ಹೆಕ್ಟೇರ್ ಆಯಿತು. ಅರ್ಜಿಯಲ್ಲಿ ಕಾಣುವುದು ಇಷ್ಟೇ. ಆದರೆ ಮಳೆಕಾಡಿನಲ್ಲಿ ಬಿಸಿಲು ಮತ್ತು ಒಣಗಾಳಿಯ ಪರಿಣಾಮ ಅಂಚಿನಿಂದ ಸುಮಾರು 100 ಮೀಟರ್ ಒಳಗಿನವರೆಗೂ ಕಾಣುತ್ತದೆ. ಎರಡೂ ಬದಿ ಸೇರಿಸಿದರೆ ಇನ್ನೂ 200 ಹೆಕ್ಟೇರ್! ಒಂದು ಮರವನ್ನೂ ಕಡಿಯದೆ ಕೆಡುವ ಕಾಡು ಇದು, ಪರಿಹಾರದ ಲೆಕ್ಕಕ್ಕೆ ಬರುವುದೇ ಇಲ್ಲ.

ಕೆಡುವುದು ಹೀಗೆ. ಮೊದಲು ನೆಲದ ತರಗೆಲೆ ಒಣಗುತ್ತದೆ. ಘಟ್ಟದ ಅನೇಕ ಪೊದೆಗಪ್ಪೆಗಳು ನೀರಿಗಿಳಿಯದೆ ಎಲೆ, ತೇವದ ನೆಲದಲ್ಲೇ ಮೊಟ್ಟೆ ಇಡುತ್ತವೆ. ಗೊದಮೊಟ್ಟೆಯ ಹಂತ ಮೊಟ್ಟೆಯೊಳಗೇ ಮುಗಿದು ಮರಿಗಪ್ಪೆಯೇ ಹೊರಬರುತ್ತದೆ. ಗಾಳಿಯ ತೇವ ಇಳಿದರೆ ಆ ಮೊಟ್ಟೆಗಳು ಒಣಗಿಹೋಗುತ್ತವೆ. ಇತ್ತ ಸುತ್ತಲಿನ ಆಸರೆ ಕಳೆದುಕೊಂಡ ಎತ್ತರದ ಮರಗಳು ಮುಂಗಾರಿನ ಗಾಳಿಗೆ ಉರುಳುತ್ತವೆ, ಅಂಚು ಇನ್ನಷ್ಟು ಒಳಗೆ ಸರಿಯುತ್ತದೆ. ಬಿಸಿಲು ಬಿದ್ದಲ್ಲಿ ಯುಪಟೋರಿಯಂ, ಲಂಟಾನ ಎಂಬ ಕಳೆಗಿಡಗಳು ಹಬ್ಬುತ್ತವೆ. ಬೇಸಿಗೆಯಲ್ಲಿ ಒಣಗಿದ ಯುಪಟೋರಿಯಂ ಬೆಂಕಿಗೆ ಒಳ್ಳೆಯ ಉರುವಲು. ತಂತಿಯ ಕೆಳಗೆ ಮರ ಬೆಳೆಯಲು ಬಿಡುವುದಿಲ್ಲವಾದ್ದರಿಂದ ಈ ಗಾಯ ಮಾಯುವುದೂ ಇಲ್ಲ.

ಇನ್ನು ಮರದ ಮೇಲಿನ ಜೀವಿಗಳು. ಕೆಂಜಳಿಲು (ಘಟ್ಟದ ದೊಡ್ಡ ಅಳಿಲು) ಕೊಂಬೆಯಿಂದ ಕೊಂಬೆಗೆ ಐದಾರು ಮೀಟರ್ ನೆಗೆಯಬಲ್ಲದು. ಕಾಡುಪಾಪಕ್ಕೆ (ಸ್ಲೆಂಡರ್ ಲೋರಿಸ್) ನೆಗೆತವೇ ಇಲ್ಲ, ಕೊಂಬೆಗೆ ಕೊಂಬೆ ತಾಗಿಯೇ ಇರಬೇಕು. ಹಳಿಯ ಪಕ್ಕ ಗುಡ್ಡ ಕಡಿದು ಕಟ್ಟಿದ ಗೋಡೆಗಳ ನಡುವೆ ಸಿಕ್ಕಿದ ಕಾಡುಕೋಣಕ್ಕೆ ರೈಲು ಬಂದರೆ ಹತ್ತಿ ಓಡಲು ದಾರಿಯಿಲ್ಲ.

ಈ ಕಾಡನ್ನು ಹಾದುಹೋಗುವ ಕ್ಯಾಸಲ್‌ರಾಕ್–ಕುಳೆಂ ಜೋಡಿ ಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಘಟ್ಟದ ಈ ಭಾಗದಲ್ಲಿ ಇಳಿಜಾರು 37ಕ್ಕೆ 1, ಅಂದರೆ 37 ಮೀಟರ್ ಸಾಗಿದರೆ 1 ಮೀಟರ್ ಏರು. ಎರಡನೇ ಹಳಿ ಹಾಕಿದರೂ ಆ ಏರು ಕಡಿಮೆಯಾಗುವುದಿಲ್ಲ.

ಮುಂದೆ ಇಂಥ ಯಾವುದೇ ಯೋಜನೆಯ ಕಡತ ಕೈಗೆ ಬಂದರೆ ಹೆಕ್ಟೇರ್ ನೋಡುವ ಮೊದಲು ಉದ್ದ ನೋಡಿ. ಅದನ್ನು ಎರಡರಿಂದ ಗುಣಿಸಿದರೆ ಹೊಸ ಅಂಚಿನ ಉದ್ದ ಸಿಗುತ್ತದೆ. ಈಗಾಗಲೇ ಇರುವ ತಂತಿಯ ದಾರಿಯನ್ನೇ ಏಕೆ ಬಳಸಬಾರದು ಎಂದು ಕೇಳಿ. ಮೇಲೆ ಕೊಂಬೆಗಳು ಕೂಡಿಕೊಳ್ಳುವಷ್ಟು ಕಿರಿದಾದ ಜಾಗಗಳನ್ನು ಎಲ್ಲೆಲ್ಲಿ ಉಳಿಸುತ್ತಾರೆ, ಮೋರಿಯೊಳಗೆ ಮಳೆಗಾಲದಲ್ಲೂ ಪ್ರಾಣಿ ನಡೆಯಲು ಒಣ ಅಂಚು ಇದೆಯೇ ಎಂಬುದೂ ಕಡತದಲ್ಲಿರಬೇಕು. ನೀರು ತುಂಬಿ ಹರಿಯುವ ಮೋರಿಯನ್ನು ‘ಪ್ರಾಣಿಗಳ ಮಾರ್ಗ’ ಎಂದು ತೋರಿಸಿದ್ದರೆ ಒಪ್ಪಬೇಡಿ. ರಾತ್ರಿ ಸಂಚಾರ ನಿಲ್ಲಿಸುವುದು ಆಗದ ಮಾತು ಎನ್ನುವವರಿಗೆ ಬಂಡೀಪುರವನ್ನು ತೋರಿಸಬಹುದು. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧವಿದೆ.

ಬೆಳಗಾವಿ, ಹುಬ್ಬಳ್ಳಿ ಕಡೆಯ ಊರಿಗೆ ಇದೇ ಕಾಡಿನ ನಡುವೆ ಸಾಗುವ ಅನಮೋಡ ಘಟ್ಟದಲ್ಲಿ ಹೋಗುವವರು ಹಗಲಲ್ಲೇ ದಾಟಿ. ಜೂನ್‌ನ ಮೊದಲ ಮಳೆಗಳಲ್ಲಂತೂ ಕತ್ತಲಾದ ಮೇಲೆ ಕಪ್ಪೆಗಳು ರಸ್ತೆಗೆ ಬರುತ್ತವೆ, ಅವನ್ನು ತಿನ್ನಲು ಹಾವುಗಳೂ ಬರುತ್ತವೆ. ಮಂಗಗಳಿಗೆ ಬಾಳೆಹಣ್ಣು, ಚಿಪ್ಸ್ ಎಸೆಯಬೇಡಿ. ಅದನ್ನು ಹೆಕ್ಕಲು ಬಂದ ಮರಿ ಹಿಂದಿನ ಗಾಡಿಯ ಚಕ್ರಕ್ಕೆ ಸಿಕ್ಕುತ್ತದೆ.