ಸೂರಿನ ನೀರು ಬರೆಗೆ ಬೀಳುವ ಮೊದಲು

ಹೊಸ ಸರ್ಕಾರಿ ಕಟ್ಟಡಗಳಲ್ಲಿ ಮಳೆನೀರಿಗೆ ಹಸಿರು ವ್ಯವಸ್ಥೆಯನ್ನು, ಅಂದರೆ ಬಿದ್ದ ನೀರನ್ನು ಅಲ್ಲೇ ತಡೆದು, ಇಂಗಿಸಿ ಇಲ್ಲವೇ ನಿಧಾನವಾಗಿ ಹರಿಯಬಿಡುವ ಏರ್ಪಾಡನ್ನು, ಕಡ್ಡಾಯ ಮಾಡಬೇಕೆಂಬ ಮಾತು ಕೊಡಗಿನಲ್ಲಿ ಬಂದಾಗಲೆಲ್ಲ ಚರ್ಚೆ ಎರಡಾಗಿ ಒಡೆಯುತ್ತದೆ. ಇಂಗುಗುಂಡಿ ತೋಡಬೇಕೆಂದು ಕೆಲವರು ಹೇಳಿದರೆ, ಗುಡ್ಡದಲ್ಲಿ ನೀರಿಂಗಿಸುವುದೇ ಅಪಾಯವೆಂದು ಉಳಿದವರು ಹೇಳುತ್ತಾರೆ. ಎರಡರಲ್ಲೂ ಹುರುಳಿರುವುದರಿಂದಲೇ ವಿಷಯ ಸಿಕ್ಕುಗಟ್ಟಿದೆ.

ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳ ಕಾಲದಲ್ಲಿ ಹೆಂಚಿನ ಸೂರಿನಿಂದ ಬಿದ್ದ ನೀರು ಅಂಗಳ ದಾಟಿ ತೋಡು (ಚಿಕ್ಕ ಹಳ್ಳ) ಸೇರಿ, ತಗ್ಗಿನ ಗದ್ದೆಗಳಲ್ಲಿ ನಿಂತು ನಿಧಾನವಾಗಿ ಹೊಳೆಗೆ ಹೋಗುತ್ತಿತ್ತು. ಕಾಫಿ ಬಂದ ಮೇಲೆ ಬೆಳೆಗಾರರು ಗಿಡಗಳ ಸಾಲಿನ ನಡುವೆ ತೊಟ್ಟಿಲು ಗುಂಡಿ ತೆಗೆದು ಮಣ್ಣು ಕೊಚ್ಚಿಹೋಗದಂತೆ ತಡೆದರು. ಆಮೇಲೆ ತಾರಸಿಯೂ ಜೆಸಿಬಿಯೂ ಬಂದವು. ಗುಡ್ಡ ಕಡಿದು ನಿವೇಶನ ಮಾಡುವುದು ಸುಲಭವಾಯಿತು, ಕಟ್ಟಡಗಳ ಹಿಂದಿನ ಬರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆ, ಎತ್ತರವಾಗುತ್ತ ಹೋಯಿತು.

ಕಾನೂನು ಬಂದದ್ದು ಬೇರೆ ದಿಕ್ಕಿನಿಂದ. ತಮಿಳುನಾಡು 2003ರಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿತು, ಬೆಂಗಳೂರಿನಲ್ಲಿ 2009ರಲ್ಲಿ ಅಂಥದೇ ನಿಯಮ ಬಂತು, ಕೇಂದ್ರದ 2016ರ ಮಾದರಿ ಕಟ್ಟಡ ಉಪವಿಧಿಗಳಲ್ಲೂ ಅದು ಸೇರಿತು. ಇವೆಲ್ಲವೂ ಮುಖ್ಯವಾಗಿ ನೀರಿನ ಕೊರತೆಗೆ ಹುಡುಕಿದ ಪರಿಹಾರಗಳು. ಅಮೆರಿಕದ 2007ರ ಕಾನೂನು ಹಿಡಿದ ದಾರಿ ಬೇರೆ: 5,000 ಚದರ ಅಡಿಗಿಂತ ಹೆಚ್ಚು ಜಾಗ ಆವರಿಸುವ ಒಕ್ಕೂಟ ಸರ್ಕಾರದ ಕಟ್ಟಡಗಳಿಂದ ಹೊರಬೀಳುವ ನೀರಿನ ಪ್ರಮಾಣ ಮತ್ತು ವೇಗ, ತಾಂತ್ರಿಕವಾಗಿ ಸಾಧ್ಯವಿರುವಷ್ಟು ಮಟ್ಟಿಗೆ, ಕಟ್ಟಡ ಏಳುವ ಮೊದಲು ಇದ್ದಂತೆಯೇ ಇರಬೇಕು. ನೀರು ಹೆಚ್ಚಾಗುವ ಊರಿಗೆ ಕೇಳಬೇಕಾದ ಪ್ರಶ್ನೆ ಇದೇ.

ಕೊಡಗಿನಲ್ಲಿ ಆ ಪ್ರಶ್ನೆಯನ್ನು ಮುಂದಿಟ್ಟದ್ದು 2018ರ ಆಗಸ್ಟ್. ಜೂನ್‌ನಿಂದಲೇ ನೆನೆದಿದ್ದ ಮಣ್ಣಿನ ಮೇಲೆ ಎಡೆಬಿಡದೆ ಮಳೆ ಸುರಿದು ಜೋಡುಪಾಲ, ಮಕ್ಕಂದೂರು, ಮುಕ್ಕೊಡ್ಲು ಭಾಗದ ಗುಡ್ಡಗಳು ಜರಿದವು. ತಗ್ಗಿನಲ್ಲಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿತು. ಜನ ಅದನ್ನು ಜಲಸ್ಫೋಟವೆಂದರು. ಪರಿಶೀಲಿಸಿದ ಭೂವಿಜ್ಞಾನಿಗಳು ಅತಿವೃಷ್ಟಿಯ ಜೊತೆಗೆ ಕಡಿದ ಇಳಿಜಾರು ಮತ್ತು ಮುಚ್ಚಿದ ಸಹಜ ನೀರುದಾರಿಗಳ ಕಡೆಗೂ ಬೊಟ್ಟು ಮಾಡಿದರು. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬೆಟ್ಟದಲ್ಲಿ ಮತ್ತೆ ಕುಸಿತವಾಗಿ ಜೀವಗಳು ಹೋದವು. ಇಳಿಜಾರಿನ ಇಂಗುಗುಂಡಿಗಳ ಬಗ್ಗೆ ಅನುಮಾನ ಬಲವಾದದ್ದು ಈ ಮಳೆಗಾಲಗಳಲ್ಲೇ.

ಆ ಅನುಮಾನ ಸುಳ್ಳಲ್ಲ. ಕಡಿದಾದ ಜಾಗದಲ್ಲಿ ಒಂದೇ ಕಡೆ ಇಂಗಿದ ನೀರು ಮೇಲ್ಮಣ್ಣಿಗೂ ಕೆಳಗಿನ ಬಂಡೆಗೂ ನಡುವೆ ಸೇರಿ, ಒತ್ತಡ ಹೆಚ್ಚಿ ಮಣ್ಣಿನ ಹಿಡಿತ ಸಡಿಲವಾಗುತ್ತದೆ. ಆದರೆ ಏನೂ ಮಾಡದೆ ಬಿಡುವುದು ಇನ್ನೂ ಕೆಟ್ಟದ್ದು. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆಯಲ್ಲಿ ಬೆಟ್ಟದ ಊರಿನ ಎಷ್ಟೋ ಕಟ್ಟಡಗಳ ಹಿಂದೆ ಹೋಗಿ ನೋಡಿದರೆ, ಬರೆಗೆ ನೀಲಿ ಟಾರ್ಪಾಲು ಹೊದಿಸಿ ಅಂಚಿಗೆ ಮರಳುಚೀಲ ಪೇರಿಸಿರುತ್ತಾರೆ. ತಾರಸಿಯಿಂದ ಇಳಿದ ಪಿವಿಸಿ ಪೈಪಿನ ಬಾಯಿ ಮಾತ್ರ ಕೆಳಗಿನ ಬರೆಯ ನೆತ್ತಿಗೇ ತೆರೆದಿರುತ್ತದೆ. ಸಾವಿರ ಚದರ ಮೀಟರ್ ಚಾವಣಿಯ ಮೇಲೆ 100 ಮಿಲಿಮೀಟರ್ ಮಳೆಯಾದರೆ ಅದು ಒಂದು ಲಕ್ಷ ಲೀಟರ್ ನೀರು. ಬಿದ್ದ ಜಾಗವನ್ನು ಅದು ಕೊರೆಯದೆ ಬಿಡುವುದಿಲ್ಲ.

ಆದ್ದರಿಂದ ನಿಯಮ ಬೇಕು, ಆದರೆ ಅದು ಇಳಿಜಾರು ನೋಡಿ ಬರೆದ ನಿಯಮವಾಗಿರಬೇಕು. ಮಡಿಕೇರಿ, ಭಾಗಮಂಡಲದ ಕಡೆ ಚಾವಣಿಯ ನೀರು ತೊಟ್ಟಿಯಲ್ಲಿ ತಂಗಿ, ನೆಲಕ್ಕೆ ನೀರಿಂಗದಂತೆ ಕಲ್ಲು ಕಟ್ಟಿದ ಕಾಲುವೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಗಟ್ಟಿಯಾದ ತೋಡು ಸೇರಲಿ. ಬರೆಯ ಮೇಲೆ ಆಳಕ್ಕೆ ಬೇರಿಳಿಸುವ ಲಾವಂಚ ಬೆಳೆಯಲಿ. ಮಳೆ ಬಹಳ ಕಡಿಮೆಯಿರುವ, ನೆಲ ಸಮತಟ್ಟಾದ ಕುಶಾಲನಗರದ ಕಡೆ ಮಳೆತೋಟ (ಹರಿದು ಬಂದ ನೀರು ನಿಂತು ಇಂಗುವ ತಗ್ಗಿನ ಗಿಡಪಾತಿ), ಇಂಗುಗುಂಡಿ, ನೀರಿಳಿಯುವ ನೆಲಹಾಸು ಹೊಂದುತ್ತವೆ. ಅಲ್ಲಿಯೂ ಕಾವೇರಿ ಉಕ್ಕಿ ಬರುವ ಜಾಗದ ಗುಂಡಿ ಹೊಳೆಯ ನೀರಿನಿಂದಲೇ ತುಂಬುವುದರಿಂದ ಪ್ರಯೋಜನಕ್ಕೆ ಬಾರದು. ಒಂದೇ ನಕ್ಷೆಯನ್ನು ಜಿಲ್ಲೆಗೆಲ್ಲ ಹೊಂದಿಸಲು ಹೋದರೆ ಕಡತಕ್ಕೆ ಲಾಭ, ಗುಡ್ಡಕ್ಕಲ್ಲ.

ನಿರ್ವಹಣೆಯನ್ನೂ ಮೊದಲೇ ಬರೆದಿಡಬೇಕು. ಮೇ ತಿಂಗಳಲ್ಲಿ ಹೂಳು ಮತ್ತು ತರಗೆಲೆ ತೆಗೆಯದ ಕಾಲುವೆ ಮೊದಲ ದೊಡ್ಡ ಮಳೆಗೇ ಕಟ್ಟಿಕೊಂಡು, ನೀರು ಪಕ್ಕದ ಮಣ್ಣಿನ ಮೇಲೆ ಹರಿಯುತ್ತದೆ. ಆ ಕೆಲಸದ ಹಣವನ್ನು ಕಟ್ಟಡದ ಅಂದಾಜುಪಟ್ಟಿಯಲ್ಲೇ ಸೇರಿಸಿ, ನೀರು ಎಲ್ಲಿಂದ ಎಲ್ಲಿಗೆ ಹರಿಯಿತೆಂಬುದನ್ನು ಒಂದು ಮಳೆಗಾಲ ಪೂರ್ತಿ ನೋಡಿದ ಮೇಲೆಯೇ ಗುತ್ತಿಗೆದಾರರ ಕೊನೆಯ ಬಿಲ್ ಪಾವತಿಯಾಗುವ ಷರತ್ತು ಹಾಕಬೇಕು.